ಸರ್ವರ್ ಬ್ಯುಸಿ: ಈ ಖರ್ಚು ಯಾರ ಖಾತೆಗೆ?

ಭಾಗ 1/10

"ಸರ್ವರ್ ಬ್ಯುಸಿ, ದಯವಿಟ್ಟು ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ." ಈ ಸಾಲನ್ನ ನೀವು ಈ ವರ್ಷ ಎಷ್ಟು ಸಲ ಓದಿದ್ದೀರಾ? ಸ್ಕಾಲರ್‌ಶಿಪ್ ಫಾರ್ಮ್, ಪರೀಕ್ಷಾ ಶುಲ್ಕ, ರಿಸಲ್ಟ್, ಜಾತಿ-ಆದಾಯ ಪ್ರಮಾಣಪತ್ರ, ಎಲ್ಲ ಕಡೆ ಅದೇ ಚಕ್ರ ಗಿರಗಿರ ತಿರುಗ್ತಾ ಇರುತ್ತೆ. ನಾವೂ ಅದನ್ನ ಮಳೆ ಬಂದ ಹಾಗೆ, ಕರೆಂಟ್ ಹೋದ ಹಾಗೆ ಒಪ್ಕೊಂಡುಬಿಟ್ಟಿದ್ದೀವಿ. "ಸರ್ವರ್ ಇಲ್ಲ ಕಣಮ್ಮ, ನಾಳೆ ಬಾ" ಅಂದ್ರೆ ಅಲ್ಲಿಗೆ ಮಾತು ಮುಗೀತು.

ಆದ್ರೆ ಸರ್ವರ್ ಮಳೆ ಅಲ್ಲ. ಅದು ಯಾರೋ ಮನುಷ್ಯರು ಬರೆದ ಪ್ರೋಗ್ರಾಂ, ಯಾರೋ ದುಡ್ಡು ಕೊಟ್ಟು ತಂದ ಮೆಮೊರಿ. ಅದಕ್ಕೂ ಒಂದು ಲೆಕ್ಕ ಇದೆ. ಲೆಕ್ಕ ಅಂದ್ರೆ ಬಿಕಾಂನವರಿಗೆ ಹೇಳ್ಕೊಡಬೇಕಾ?

ನಾನು ಕೋಡರ್ ಅಲ್ಲ. ನಮ್ಮ ದೊಡ್ಡಪ್ಪನ ಮಗ ಬೆಂಗಳೂರಲ್ಲಿ ಜಾವಾ ಕೆಲಸ ಮಾಡ್ತಾನೆ. ಊರಿಗೆ ಬಂದಾಗಲೆಲ್ಲ ನಾನು ತಲೆ ತಿಂದು ತಿಂದು ಕೇಳಿದ್ದು, ಆಮೇಲೆ ನಾನೇ ಓದಿ ತಿಳ್ಕೊಂಡಿದ್ದು, ಎರಡನ್ನೂ ಸೇರಿಸಿ ಈ ಹತ್ತು ಕ್ಯಾಪ್ಷನ್ ಬರೀತಿದ್ದೀನಿ. ಅಣ್ಣ ಮೊದಲನೇ ದಿನ ಹೇಳಿದ ಮಾತು ಇದು: "ಪುಟ್ಟಿ, ಸಾಫ್ಟ್‌ವೇರ್‌ನಲ್ಲಿ ಯಾವ ಉಳಿತಾಯನೂ ಪುಕ್ಕಟೆ ಅಲ್ಲ. ಇಲ್ಲಿ ಉಳಿದಿದ್ದು ಇನ್ನೆಲ್ಲೋ ಖರ್ಚಾಗಿರುತ್ತೆ."

ನನಗೆ ತಕ್ಷಣ ಹೊಳೆದಿದ್ದು ಡಬಲ್ ಎಂಟ್ರಿ. ಒಂದು ಕಡೆ ಕ್ರೆಡಿಟ್ ಬಂದ್ರೆ ಇನ್ನೊಂದು ಕಡೆ ಡೆಬಿಟ್ ಇರಲೇಬೇಕು. ಹಾಗಾದ್ರೆ ಕೇಳಬೇಕಾದ ಪ್ರಶ್ನೆ ಒಂದೇ. ಸೈಟ್ ನಿಧಾನ ಆದಾಗ ಆ ಡೆಬಿಟ್ ಯಾರ ಖಾತೆಗೆ ಬೀಳುತ್ತೆ? ಕೊತ್ತಗೆರೆ ಹೋಬಳಿಯ ಹಳ್ಳಿಯಿಂದ ಬಸ್ ಹತ್ತಿ ಕುಣಿಗಲ್‌ಗೆ ಹೋಗಿ, ಸೈಬರ್ ಸೆಂಟರ್ ಮುಂದೆ ಅರ್ಧ ದಿನ ನಿಂತು ಬರಿಗೈಲಿ ವಾಪಸ್ ಬರ್ತಾರಲ್ಲ, ಅವರ ಖಾತೆಗೆ. ಈ ಸರಣಿ ಪೂರ್ತಿ ಅದೇ ಲೆಕ್ಕ. ಸೇವ್ ಮಾಡ್ಕೊಳ್ಳಿ, ನಿಧಾನಕ್ಕೆ ಓದಿ.

ಭಾಗ 2/10

ಮೊದಲು ಒಂದು ಹೋಟೆಲ್‌ಗೆ ಹೋಗೋಣ.

ದರ್ಶಿನಿಯಲ್ಲಿ ಏನಾಗುತ್ತೆ? ದುಡ್ಡು ಕೊಟ್ಟು ಟೋಕನ್ ತಗೋತೀರಾ. ಟೋಕನ್ ಕೊಟ್ರೆ ಇಡ್ಲಿ ಬರುತ್ತೆ, ನಿಂತೇ ತಿಂದು ಹೊರಡ್ತೀರಾ. ಕೌಂಟರಲ್ಲಿ ಇರೋರಿಗೆ ನಿಮ್ಮ ಮುಖ ನೆನಪಿರಬೇಕಾಗಿಲ್ಲ, ನಿಮ್ಮ ಆರ್ಡರ್ ನಿಮ್ಮ ಕೈಲಿರೋ ಚೀಟಿಯಲ್ಲೇ ಇದೆ. ಊಟದ ಹೋಟೆಲ್ ಹಾಗಲ್ಲ. ಎಲೆ ಹಾಕ್ತಾರೆ, ಯಾರಿಗೆ ಅನ್ನ ಆಯ್ತು, ಯಾರಿಗೆ ಸಾರು ಬೇಕು ಅಂತ ಸಪ್ಲೈಯರ್ ನೆನಪಿಟ್ಕೋಬೇಕು. ಜನ ಹೆಚ್ಚಾದಷ್ಟೂ ನೆನಪೂ ಹೆಚ್ಚು, ಜಾಗಾನೂ ಹೆಚ್ಚು.

ವೆಬ್‌ಸೈಟ್‌ಗಳೂ ಹೀಗೇ ಎರಡು ಥರ. ಜಾವಾದಲ್ಲಿ ಸೈಟ್ ಕಟ್ಟೋರು ಎಲ್ಲವನ್ನೂ ಬುಡದಿಂದ ಬರೆಯಲ್ಲ. ಒಂದು ಫ್ರೇಮ್‌ವರ್ಕ್ ತಗೋತಾರೆ. ಅಂದ್ರೆ ಗೋಡೆ, ಒಲೆ, ಕೌಂಟರ್ ಎಲ್ಲ ರೆಡಿ ಇರೋ ಹೋಟೆಲ್, ಅಡುಗೆ ಮಾತ್ರ ನಿಮ್ಮದು. ಸ್ಪ್ರಿಂಗ್, ಜೆಎಸ್‌ಎಫ್, ವಿಕೆಟ್, ಸ್ಟ್ರಟ್ಸ್ ಇವೆಲ್ಲ ಅಂಥವು. ಈ ಹೋಟೆಲ್ ಕೂರೋ ಜಾಗ ಟಾಮ್‌ಕ್ಯಾಟ್ ಥರದ ಒಂದು ಸರ್ವರ್ ಪ್ರೋಗ್ರಾಂ.

ಟಾಮ್‌ಕ್ಯಾಟ್‌ನಲ್ಲಿ ಏನೂ ಬದಲಾಯಿಸದೆ ಬಿಟ್ರೆ ಒಂದು ಸಲಕ್ಕೆ ಹೆಚ್ಚಂದ್ರೆ 200 ಥ್ರೆಡ್. ಥ್ರೆಡ್ ಅಂದ್ರೆ ಸಪ್ಲೈಯರ್ ಅಂದ್ಕೊಳ್ಳಿ. 200 ಜನ ಸಪ್ಲೈಯರ್‌ಗಳೂ ಅಡುಗೆಮನೆ ಬಾಗಿಲಲ್ಲಿ ಕಾಯ್ತಾ ನಿಂತ್ರೆ, 201ನೇ ಗಿರಾಕಿಯನ್ನ ಮಾತಾಡಿಸೋಕೆ ಯಾರೂ ಇಲ್ಲ. ಅವರು ಯಾರೂ ಸೋಮಾರಿಗಳಲ್ಲ, ಸುಮ್ಮನೆ ಕಾಯ್ತಿದ್ದಾರೆ. ನಮ್ಮ ಚಕ್ರ ತಿರುಗೋದು ಬಹಳ ಸಲ ಆಗಲೇ.

2023ರ ಸೆಪ್ಟೆಂಬರ್‌ನಲ್ಲಿ ಬಂದ ಜಾವಾ 21 ಇದಕ್ಕೊಂದು ದಾರಿ ಕೊಟ್ಟಿತು, ಹೆಸರು ವರ್ಚುವಲ್ ಥ್ರೆಡ್. ಸಪ್ಲೈಯರ್ ಬಾಗಿಲಲ್ಲಿ ಕಾಯೋ ಬದಲು, ಅಡುಗೆ ಆಗೋವರೆಗೆ ಬೇರೆ ಟೇಬಲ್ ನೋಡ್ಕೋತಾನೆ. ತುಂಬಾ ಒಳ್ಳೇದು. ಆದ್ರೆ ಅಡುಗೆ ಭಟ್ಟರು ಒಬ್ಬರೇ ಇದ್ರೆ? ಆಗ ಸರದಿ ಅಡುಗೆಮನೆ ಒಳಗೆ ಬೆಳೆಯುತ್ತೆ. ಡೆಬಿಟ್ ಜಾಗ ಬದಲಾಯಿಸಿತು ಅಷ್ಟೇ, ಮಾಯ ಆಗಲಿಲ್ಲ.

ಭಾಗ 3/10

ಈಗ ಸರ್ವರ್‌ನ ನೆನಪಿನ ವಿಷಯ.

ನೀವು ಲಾಗಿನ್ ಆದ ತಕ್ಷಣ ಸರ್ವರ್ ನಿಮ್ಮ ಹೆಸರಲ್ಲಿ ಒಂದು ಪುಟ್ಟ ಚೀಲ ತೆಗೆದಿಡುತ್ತೆ. ಅದಕ್ಕೆ ಸೆಷನ್ ಅಂತಾರೆ. ನೀವು ಯಾರು, ಎಷ್ಟನೇ ಪುಟದಲ್ಲಿದ್ದೀರಾ, ಏನು ತುಂಬಿದ್ದೀರಾ ಅನ್ನೋದೆಲ್ಲ ಆ ಚೀಲದಲ್ಲಿ. ಅವಸರದಲ್ಲಿ ಬರೆದ ಸೈಟಲ್ಲಿ ಈ ಚೀಲಕ್ಕೆ ಸಿಕ್ಕಿದ್ದೆಲ್ಲ ಹಾಕಿರ್ತಾರೆ. ಜಿಲ್ಲೆಗಳ ಪಟ್ಟಿ, ಕಾಲೇಜುಗಳ ಪಟ್ಟಿ, ನೀವು ಅಪ್‌ಲೋಡ್ ಮಾಡಿದ ಫೋಟೊ, ಎಲ್ಲ.

ಒಂದು ಲೆಕ್ಕ ಹಾಕೋಣ. ಒಬ್ಬರ ಚೀಲ 200 ಕೆಬಿ ಅಂದ್ಕೊಳ್ಳಿ. ಪರೀಕ್ಷೆ ಮಾಡುವಾಗ ಆಫೀಸಲ್ಲಿ 20 ಜನ ಲಾಗಿನ್ ಆಗಿರ್ತಾರೆ, ಒಟ್ಟು 4 ಎಂಬಿ. ಯಾರ ಕಣ್ಣಿಗೂ ಬೀಳಲ್ಲ. ಕೊನೇ ದಿನ 50,000 ಜನ ಬರ್ತಾರೆ. ಈಗ ಅದೇ ಚೀಲಗಳು 10 ಜಿಬಿ. ಕೋಡಲ್ಲಿ ಒಂದಕ್ಷರ ಬದಲಾಗಿಲ್ಲ, ಗುಣಾಕಾರ ಮಾತ್ರ ಬದಲಾಗಿದೆ. ಇದನ್ನ ನಾವು ವೇರಿಯಬಲ್ ಕಾಸ್ಟ್ ಅಂತೀವಿ ಅಲ್ವಾ? ಒಂದು ಯೂನಿಟ್‌ಗೆ ಎಷ್ಟು ಅನ್ನೋದನ್ನ ನೋಡದೆ ಉತ್ಪಾದನೆ ಹೆಚ್ಚಿಸಿದ ಹಾಗೆ.

ಇನ್ನೊಂದಿದೆ. ನೀವು ಬೇಸತ್ತು ಫೋನ್ ಆಫ್ ಮಾಡಿದ್ರೂ ಚೀಲ ತಕ್ಷಣ ಹೋಗಲ್ಲ. ಟಾಮ್‌ಕ್ಯಾಟ್ ಡೀಫಾಲ್ಟ್ ಪ್ರಕಾರ ಕೊನೇ ಸಲ ಒತ್ತಿದ ಮೇಲೆ 30 ನಿಮಿಷ ಕಾಯುತ್ತೆ. ಊಟ ಮುಗಿಸಿ ಎದ್ದು ಹೋದವರ ಎಲೆ ಅರ್ಧ ಗಂಟೆ ಹಾಗೇ ಬಿದ್ದಿರುತ್ತೆ, ಹೊಸಬರು ಬಾಗಿಲಲ್ಲಿ ನಿಂತಿರ್ತಾರೆ.

ಹಾಗಂತ ಈ ಸಮಯವನ್ನ ಸುಮ್ಮನೆ ಕಡಿಮೆ ಮಾಡಿಬಿಡಬಹುದಾ? ನನ್ನ ಬೆಂಚ್‌ಮೇಟ್ ಒಬ್ಬಳು ಸ್ಕಾಲರ್‌ಶಿಪ್ ಫಾರ್ಮ್ ತುಂಬ್ತಾ ಇದ್ದಳು. ಆದಾಯ ಪ್ರಮಾಣಪತ್ರದ ನಂಬರ್ ಬೇಕು ಅಂತ ಅಮ್ಮನಿಗೆ ಫೋನ್ ಮಾಡಿದಳು. ಅವರಮ್ಮ ಹೊಲದ ಕೂಲಿಗೆ ಹೋಗಿದ್ದರು, ಮನೆಗೆ ಬಂದು ಟ್ರಂಕ್ ತೆಗೆದು ನಂಬರ್ ಓದೋ ಹೊತ್ತಿಗೆ "ಸೆಷನ್ ಎಕ್ಸ್‌ಪೈರ್ಡ್". ಏಳು ಪುಟ ಮತ್ತೆ ಮೊದಲಿಂದ. ಸರ್ವರ್‌ಗೆ ಮೆಮೊರಿ ಉಳೀತು. ಡೆಬಿಟ್ ಅವರಮ್ಮನ ಅರ್ಧ ದಿನದ ಕೂಲಿಗೆ.

ಭಾಗ 4/10

ಹಾಗಾದ್ರೆ ಸರಿಯಾದ ದಾರಿ ಯಾವುದು? ನನಗೆ ಬಹಳ ಇಷ್ಟ ಆದ ಉದಾಹರಣೆ ಜೆಎಸ್‌ಎಫ್ ಅನ್ನೋ ಜಾವಾ ಫ್ರೇಮ್‌ವರ್ಕ್‌ದು.

ಜೆಎಸ್‌ಎಫ್‌ನ ಮೊದಲ ಆವೃತ್ತಿ 2004ರಲ್ಲಿ ಬಂತು. ಅದರ ಪದ್ಧತಿ ಊಟದ ಹೋಟೆಲ್‌ದು. ಪುಟದಲ್ಲಿರೋ ಪ್ರತಿ ಪೆಟ್ಟಿಗೆ, ಪ್ರತಿ ಬಟನ್, ಪ್ರತಿ ಲೇಬಲ್‌ಗೂ ಸರ್ವರ್ ಒಳಗೆ ಒಂದೊಂದು ವಸ್ತು, ಎಲ್ಲ ಸೇರಿ ಒಂದು ಮರ. ನೀವು ಒಂದೊಂದು ಸಲ ಒತ್ತಿದಾಗಲೂ ಆ ಇಡೀ ಮರದ ಸ್ಥಿತಿಯನ್ನ ಬರೆದಿಟ್ಕೋತಿತ್ತು. ಬ್ಯಾಕ್ ಬಟನ್ ಒತ್ತಿದ್ರೆ ಬೇಕಲ್ಲ ಅಂತ ಹಳೇ ಪುಟಗಳ ಪ್ರತಿಗಳನ್ನೂ ಇಟ್ಕೊಳ್ಳುತ್ತೆ. ಜೆಎಸ್‌ಎಫ್‌ನ ಮೊಜಾರಾ ಅನ್ನೋ ರೂಪದಲ್ಲಿ ಇದರ ಡೀಫಾಲ್ಟ್ ಮಿತಿ 15. ಒಬ್ಬರಿಗೇ ಇಷ್ಟು ಅಂದ್ರೆ ಕೊನೇ ದಿನದ ಗುಣಾಕಾರ ನೀವೇ ಮಾಡ್ಕೊಳ್ಳಿ.

2009ರಲ್ಲಿ ಜೆಎಸ್‌ಎಫ್ 2.0 ಬಂದಾಗ ಒಂದು ಬದಲಾವಣೆ ತಂದ್ರು. ಇಡೀ ಮರ ಬರೆದಿಡೋದು ಬೇಡ. ಪುಟ ಮೊದಲು ಹೇಗಿತ್ತು ಅನ್ನೋದು ಫೈಲ್‌ನಲ್ಲಿ ಇದ್ದೇ ಇದೆ, ಬೇಕಾದಾಗ ಮತ್ತೆ ಕಟ್ಟಬಹುದು. ಆಮೇಲೆ ಏನು ಬದಲಾಯ್ತೋ ಅದನ್ನ ಮಾತ್ರ ಬರೆದಿಟ್ಟರೆ ಸಾಕು.

ಗೊತ್ತಾಯ್ತಾ? ಆರಂಭಿಕ ಶಿಲ್ಕು ಜೊತೆಗೆ ಇವತ್ತಿನ ವ್ಯವಹಾರ, ಎರಡೂ ಇದ್ರೆ ಅಂತಿಮ ಶಿಲ್ಕು ಸಿಕ್ಕೇ ಸಿಗುತ್ತೆ. ಅಂಗಡಿಯವರು ದಿನಾ ರಾತ್ರಿ ಇಡೀ ಲೆಡ್ಜರನ್ನ ಹೊಸ ಪುಸ್ತಕಕ್ಕೆ ನಕಲು ಮಾಡ್ತಾರಾ? ಇಲ್ಲ, ಅವತ್ತಿನ ಎಂಟ್ರಿ ಮಾತ್ರ ಬರೀತಾರೆ.

ಇಲ್ಲೂ ಡೆಬಿಟ್ ಇದೆ. ಮರವನ್ನ ಮತ್ತೆ ಕಟ್ಟೋಕೆ ಪ್ರೊಸೆಸರ್‌ಗೆ ಸ್ವಲ್ಪ ಕೆಲಸ. ಇನ್ನೊಂದು ಆಯ್ಕೆ ಏನಂದ್ರೆ ಆ ಸ್ಥಿತಿಯನ್ನ ಸರ್ವರಲ್ಲಿ ಇಡೋದೇ ಬೇಡ, ಗಿರಾಕಿಯ ಬ್ರೌಸರ್‌ಗೇ ಕಳಿಸಿಬಿಡೋದು. ಸರ್ವರ್ ಹಗುರ ಆಗುತ್ತೆ. ಆದ್ರೆ ಪ್ರತಿ ಸಲ ಒತ್ತಿದಾಗ ಆ ಗಂಟು ಫೋನಿಂದ ಹೋಗಿ ಬರಬೇಕು. ಬೆಂಗಳೂರಿನ ಆಫೀಸ್ ವೈಫೈಲಿ ಅದು ಗೊತ್ತೇ ಆಗಲ್ಲ. ಒಂದೇ ಕಡ್ಡಿ ನೆಟ್‌ವರ್ಕ್ ಇರೋ ಹಳ್ಳಿಯ ಜಗಲಿ ಮೇಲೆ ಕೂತವರಿಗೆ ಗೊತ್ತಾಗುತ್ತೆ.

ಭಾಗ 5/10

ಕಸದ ಗಾಡಿ ಬಗ್ಗೆ ಹೇಳಲೇಬೇಕು.

ಜಾವಾದಲ್ಲಿ ಬಳಸಿ ಬಿಟ್ಟ ಮೆಮೊರಿಯನ್ನ ಪ್ರೋಗ್ರಾಮರ್ ಕೈಯಾರೆ ಎತ್ತಬೇಕಾಗಿಲ್ಲ. ಗಾರ್ಬೇಜ್ ಕಲೆಕ್ಟರ್ ಅಂತ ಒಬ್ಬ ಇದ್ದಾನೆ, ಅವನೇ ಬಂದು ಗುಡಿಸ್ಕೊಂಡು ಹೋಗ್ತಾನೆ. ಆದ್ರೆ ಅವನಿಗೊಂದು ನಿಯಮ ಇದೆ. ಯಾರಾದ್ರೂ ಕೈಲಿ ಹಿಡ್ಕೊಂಡಿರೋ ವಸ್ತುವನ್ನ ಮುಟ್ಟಲ್ಲ. ನಿಮಗೆ ಅದು ಬೇಕೋ ಬೇಡವೋ ಅನ್ನೋದು ಅವನಿಗೆ ಗೊತ್ತಿಲ್ಲ. ಹಿಡಿದಿದ್ದೀರಾ? ಹಾಗಾದ್ರೆ ಬೇಕು ಅಂತ ಅರ್ಥ.

ಹಾಗಾಗಿ ಕಸದ ಗಾಡಿ ಇದ್ದೂ ಮನೆ ತುಂಬಬಹುದು. ಬಂದವರ ವಿವರವನ್ನೆಲ್ಲ ಒಂದು ಪಟ್ಟಿಗೆ ಸೇರಿಸ್ತಾ ಹೋಗಿ, ತೆಗೆಯೋ ಸಾಲು ಬರೆಯದೆ ಬಿಟ್ರೆ ಆ ಪಟ್ಟಿ ಬೆಳೀತಾನೇ ಇರುತ್ತೆ. ಇದಕ್ಕೆ ಮೆಮೊರಿ ಲೀಕ್ ಅಂತಾರೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ವಸೂಲಾಗದ ಸಾಲವನ್ನ ರೈಟ್ ಆಫ್ ಮಾಡದೆ ವರ್ಷಾನುಗಟ್ಟಲೆ ಆಸ್ತಿ ಕಡೆ ತೋರಿಸ್ತಾ ಬರೋದು. ಬ್ಯಾಲೆನ್ಸ್ ಶೀಟ್ ದಪ್ಪ ಕಾಣುತ್ತೆ, ಕೈಯಲ್ಲಿ ಕಾಸಿಲ್ಲ.

ಮೆಮೊರಿ ತುಂಬ್ತಾ ಬಂದಂತೆ ಕಲೆಕ್ಟರ್ ಪದೇ ಪದೇ ಬರ್ತಾನೆ. ಗುಡಿಸೋ ಕೆಲಸದ ಕೆಲವು ಹಂತದಲ್ಲಿ ಇಡೀ ಪ್ರೋಗ್ರಾಂ ನಿಲ್ಲಬೇಕು, ಮನೆಯವರೆಲ್ಲ ಜಗಲಿಗೆ ಬಂದು ನಿಂತ ಹಾಗೆ. ಕೊನೆಗೆ ಗುಡಿಸೋದೇ ಕೆಲಸ ಆಗಿ, ನಿಮ್ಮ ಫಾರ್ಮ್ ನೋಡೋಕೆ ಹೊತ್ತೇ ಉಳಿಯಲ್ಲ. ಅದಾದ್ಮೇಲೆ "ಔಟ್ ಆಫ್ ಮೆಮೊರಿ".

2017ರ ಜಾವಾ 9ರಿಂದ ಸರ್ವರ್‌ಗಳಲ್ಲಿ ಜಿ1 ಅನ್ನೋ ಕಲೆಕ್ಟರ್ ಡೀಫಾಲ್ಟ್ ಆಯ್ತು. ಅದು ಜಾಗವನ್ನ ಚಿಕ್ಕ ಚಿಕ್ಕ ತುಂಡು ಮಾಡಿ, ಕಸ ಜಾಸ್ತಿ ಇರೋ ತುಂಡನ್ನ ಮೊದಲು ಗುಡಿಸುತ್ತೆ. 2020ರ ಜಾವಾ 15ರಲ್ಲಿ ಝಡ್‌ಜಿಸಿ ಅನ್ನೋದು ದಿನಬಳಕೆಗೆ ಸಿದ್ಧ ಅಂತ ಬಂತು. ಅದು ಹೆಚ್ಚಿನ ಕೆಲಸವನ್ನ ಪ್ರೋಗ್ರಾಂ ನಡೀತಿರುವಾಗಲೇ ಮಾಡುತ್ತೆ, ನಿಲ್ಲಿಸೋದು ತೀರಾ ಕಡಿಮೆ. ಬದಲಿಗೆ ಪ್ರೊಸೆಸರ್ ಮತ್ತು ಖಾಲಿ ಜಾಗ ಹೆಚ್ಚು ಕೇಳುತ್ತೆ. ಮತ್ತೆ ಅದೇ ಡಬಲ್ ಎಂಟ್ರಿ.

ಅಣ್ಣ ಹೇಳೋದು: "ಕಲೆಕ್ಟರ್ ಬದಲಾಯಿಸೋ ಮುಂಚೆ, ಬೇಡದ್ದನ್ನ ಕೈ ಬಿಡೋದು ಕಲೀಬೇಕು."

ಭಾಗ 6/10

ಇದು ನನಗೆ ಅತ್ಯಂತ ಖುಷಿ ಕೊಟ್ಟ ಭಾಗ. ನಮ್ಮೂರ ಹೆಸರು ಕಂಪ್ಯೂಟರ್ ಒಳಗೆ ಎಷ್ಟು ಜಾಗ ತಗೊಳ್ಳುತ್ತೆ?

ಕೊತ್ತಗೆರೆ. ಕಣ್ಣಿಗೆ ನಾಲ್ಕೇ ಅಕ್ಷರ. ಕಂಪ್ಯೂಟರ್‌ಗೆ ಒಂಬತ್ತು ಸಂಕೇತ: ಕ, ಒ ಕಾರದ ಗುರುತು, ತ, ಅರ್ಧಾಕ್ಷರದ ಗುರುತು, ಇನ್ನೊಂದು ತ, ಗ, ಎ ಕಾರದ ಗುರುತು, ರ, ಮತ್ತೆ ಎ ಕಾರದ ಗುರುತು. ಇಂಗ್ಲಿಷ್‌ನಲ್ಲಿ ನಮ್ಮ ಹೋಬಳಿಯ ಹೆಸರನ್ನ ಸಾಮಾನ್ಯವಾಗಿ ಬರೆಯೋದೂ ಒಂಬತ್ತೇ ಅಕ್ಷರದಲ್ಲಿ.

ಜಾವಾ ಮೊದಲಿಂದ ಒಂದೊಂದು ಸಂಕೇತಕ್ಕೂ 2 ಬೈಟ್ ಕೊಡ್ತಿತ್ತು, ಯಾವ ಭಾಷೆ ಆದ್ರೂ ಸರಿ. ಎರಡೂ ಕಡೆ 18 ಬೈಟ್. ಜಾವಾ 9ರಲ್ಲಿ ಒಂದು ಸುಧಾರಣೆ ಮಾಡಿದ್ರು. ಬರಹದಲ್ಲಿ ಇಂಗ್ಲಿಷ್ ಮತ್ತು ಕೆಲವು ಯುರೋಪಿನ ಅಕ್ಷರ ಮಾತ್ರ ಇದ್ರೆ ಒಂದಕ್ಕೆ 1 ಬೈಟ್ ಸಾಕು ಅಂತ. ಅಲ್ಲಿಂದ ಇಂಗ್ಲಿಷ್ ಹೆಸರಿಗೆ 9, ಕನ್ನಡದ ಹೆಸರಿಗೆ 18. ವಾಕ್ಯದಲ್ಲಿ ಒಂದೇ ಒಂದು ಕನ್ನಡ ಅಕ್ಷರ ಬಂದ್ರೂ ಆ ಇಡೀ ವಾಕ್ಯಕ್ಕೆ 2 ಬೈಟ್ ಲೆಕ್ಕ. ನೆಟ್‌ವರ್ಕ್ ಮೇಲೆ ಹೋಗುವಾಗ ಯುಟಿಎಫ್-8 ಪದ್ಧತಿಯಲ್ಲಿ ನಮ್ಮ ಒಂದೊಂದು ಸಂಕೇತಕ್ಕೂ 3 ಬೈಟ್, ಅಂದ್ರೆ 27.

"ಹಾಗಾದ್ರೆ ಕನ್ನಡ ಹಾಕಿದ್ರೆ ಸೈಟ್ ಭಾರ" ಅಂತ ಯಾರಾದ್ರೂ ಹೇಳಿದ್ರೆ ಈ ಲೆಕ್ಕ ತೋರಿಸಿ. ಮೇಲೆ ಜಾರ್ತಾ ಇರುತ್ತಲ್ಲ ಬ್ಯಾನರ್ ಫೋಟೊ, ಅದು 300 ಕೆಬಿ ಅಂದ್ಕೊಳ್ಳಿ. ಅದೇ ಜಾಗದಲ್ಲಿ ಸುಮಾರು ಒಂದು ಲಕ್ಷ ಕನ್ನಡ ಸಂಕೇತ ಹಿಡಿಸುತ್ತೆ. ಕಳಿಸೋ ಮುಂಚೆ ಜಿಪ್ ಮಾಡಿದ್ರೆ ಬರಹ ಇನ್ನೂ ಬಹಳ ಕುಗ್ಗುತ್ತೆ, ಫೋಟೊ ಅಷ್ಟು ಕುಗ್ಗಲ್ಲ. ಭಾರ ಇರೋದು ಬ್ಯಾನರ್‌ನಲ್ಲಿ, ಭಾಷೆಯಲ್ಲಲ್ಲ.

ನಿಜವಾದ ದುಂದು ಬೇರೆ ಕಡೆ ಇದೆ. ಡೇಟಾಬೇಸಿಂದ ಒಂದು ಲಕ್ಷ ಅರ್ಜಿ ಓದಿದಾಗ "ಕುಣಿಗಲ್" ಅನ್ನೋ ಪದಕ್ಕೆ ಒಂದೊಂದು ಅರ್ಜಿಗೂ ಒಂದೊಂದು ಹೊಸ ಪ್ರತಿ ಆಗಬಹುದು. ಜರ್ನಲ್‌ನಲ್ಲಿ ಲೆಡ್ಜರ್ ಫೋಲಿಯೊ ಕಾಲಂ ಯಾಕಿದೆ? ಪುಟದ ನಂಬರ್ ಬರೆದ್ರೆ ಸಾಕು, ಖಾತೆಯನ್ನ ಅಲ್ಲೇ ಮತ್ತೆ ಬರೆಯೋದು ಬೇಡ ಅಂತ. ತಾಲ್ಲೂಕಿಗೆ ಒಂದು ನಂಬರ್, ಹೆಸರು ಒಂದೇ ಕಡೆ. ನಮ್ಮ ಮೊದಲ ವರ್ಷದ ಪಾಠವೇ ಇದು.

ಭಾಗ 7/10

ನಿಧಾನಕ್ಕೆ ಇನ್ನೊಂದು ದೊಡ್ಡ ಕಾರಣ ಅಡುಗೆಮನೆ, ಅಂದ್ರೆ ಡೇಟಾಬೇಸ್.

ಅಮ್ಮ ಸಂತೆಗೆ ಚೀಟಿ ಬರೆದು ಕೊಡ್ತಾರೆ: ಹುಣಸೆಹಣ್ಣು, ಬೆಲ್ಲ, ಮೆಣಸಿನಕಾಯಿ, ಹೀಗೆ 30 ಸಾಮಾನು. ನೀವು ಕುಣಿಗಲ್‌ಗೆ ಹೋಗಿ ಹುಣಸೆಹಣ್ಣು ತಂದು ಕೊಟ್ಟು, ಮತ್ತೆ ಬಸ್ ಹತ್ತಿ ಬೆಲ್ಲ ತರ್ತೀರಾ? ಒಂದೇ ಸಲ ಚೀಲ ತುಂಬಿಸ್ಕೊಂಡು ಬರ್ತೀರಾ.

ಹೈಬರ್ನೇಟ್ ಅನ್ನೋ ಜಾವಾ ಸಾಧನ ಡೇಟಾಬೇಸ್ ಕೆಲಸವನ್ನ ಬಹಳ ಸುಲಭ ಮಾಡಿಕೊಡುತ್ತೆ. ಆದ್ರೆ ಎಚ್ಚರ ತಪ್ಪಿದ್ರೆ ಅದು ಈ ಥರ ಸಂತೆ ಮಾಡುತ್ತೆ. 60 ವಿದ್ಯಾರ್ಥಿಗಳ ಪಟ್ಟಿಗೆ ಒಂದು ಪ್ರಶ್ನೆ, ಆಮೇಲೆ ಒಬ್ಬೊಬ್ಬರ ಅಂಕಕ್ಕೂ ಒಂದೊಂದು ಪ್ರಶ್ನೆ. ಒಟ್ಟು 61. ಇದಕ್ಕೆ "ಎನ್ ಪ್ಲಸ್ ಒನ್" ಸಮಸ್ಯೆ ಅಂತಲೇ ಹೆಸರು. ಒಂದು ಹೋಗಿ ಬರೋಕೆ 5 ಮಿಲಿಸೆಕೆಂಡ್ ಅಂದ್ಕೊಂಡ್ರೂ 305 ಆಯ್ತು. ಎರಡು ಪಟ್ಟಿಯನ್ನ ಜೋಡಿಸಿ ಒಂದೇ ಸಲ ಕೇಳಿದ್ರೆ ಒಂದೇ ಪ್ರಯಾಣ.

ಇನ್ನು ಡೇಟಾಬೇಸಿನ ಬಾಗಿಲು. ಸ್ಪ್ರಿಂಗ್ ಬೂಟ್ ಜೊತೆ ಸಾಮಾನ್ಯವಾಗಿ ಬರೋ ಹಿಕಾರಿ ಅನ್ನೋ ಕನೆಕ್ಷನ್ ಪೂಲ್‌ಗೆ ಡೀಫಾಲ್ಟ್ 10 ಬಾಗಿಲು. 200 ಸಪ್ಲೈಯರ್, 10 ಬಾಗಿಲು. "ಅಯ್ಯೋ, 500 ಮಾಡಿಬಿಡಿ" ಅನ್ನಿಸುತ್ತೆ ಅಲ್ವಾ?

ಕೆರೆ ಬಯಲಿನವರಿಗೆ ಇದು ಬೇಗ ಅರ್ಥ ಆಗುತ್ತೆ. ಕೆರೆ ನೀರನ್ನ ಗದ್ದೆಗೆ ಬಿಡೋಕೆ ನೀರುಗಂಟಿ ಅಂತ ಇರ್ತಿದ್ರು. ತೂಬು ಎಷ್ಟು ಎತ್ತಬೇಕು, ಯಾರ ಗದ್ದೆಗೆ ಯಾವಾಗ ಅನ್ನೋದು ಅವರ ಲೆಕ್ಕ. ಎಲ್ಲರಿಗೂ ಒಂದೇ ಸಲ ಬಿಟ್ರೆ ಕೆರೆಯಲ್ಲಿ ನೀರು ಹೆಚ್ಚಾಗಲ್ಲ, ಯಾರ ಕಾಲುವೆಗೂ ಸರಿಯಾಗಿ ಹರಿಯಲ್ಲ. ಪೂಲ್ ಅನ್ನೋದು ಆ ನೀರುಗಂಟಿ. ಬಾಗಿಲು ಹೆಚ್ಚಿಸಿದ್ರೆ ಡೇಟಾಬೇಸಿನ ಶಕ್ತಿ ಹೆಚ್ಚಾಗಲ್ಲ. ಸರದಿ ಪ್ರಕಾರ ಬಿಟ್ಟು, ಒಬ್ಬೊಬ್ಬರ ಕೆಲಸ ಬೇಗ ಮುಗಿಯೋ ಹಾಗೆ ಮಾಡಿದ್ರೆ ಎಲ್ಲರಿಗೂ ನೀರು ಸಿಗುತ್ತೆ.

ಭಾಗ 8/10

"ಇದೆಲ್ಲ ಯಾಕೆ, ಇನ್ನೂ ನಾಲ್ಕು ಸರ್ವರ್ ಹಾಕಿದ್ರೆ ಆಯ್ತಪ್ಪ" ಅನ್ನೋರಿಗೆ ಬೆಂಗಳೂರಿನದೇ ಒಂದು ಕಥೆ.

2014ರ ಅಕ್ಟೋಬರ್ 6. ಬೆಂಗಳೂರಿನ ಫ್ಲಿಪ್‌ಕಾರ್ಟ್ ಮೊದಲ "ಬಿಗ್ ಬಿಲಿಯನ್ ಡೇ" ಮಾಡಿದ ದಿನ. ನಾವಾಗ ಪ್ರೈಮರಿ ಸ್ಕೂಲ್. 10 ಗಂಟೆಯಲ್ಲಿ 10 ಕೋಟಿ ಡಾಲರ್ ವ್ಯಾಪಾರ ಆಯ್ತು ಅಂತ ಕಂಪನಿ ಹೇಳಿತು. ಜೊತೆಗೇ ಸೈಟ್ ಪದೇ ಪದೇ ನಿಂತಿತು, ಆರ್ಡರ್‌ಗಳು ರದ್ದಾದವು, ಜನ ಸಿಟ್ಟಾದರು.

ಮರುದಿನ ಸಂಸ್ಥಾಪಕರಾದ ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ ಗ್ರಾಹಕರಿಗೆ ಕ್ಷಮೆ ಕೇಳಿ ಪತ್ರ ಬರೆದರು. ಆ ಪತ್ರದಲ್ಲಿ ಎರಡು ಅಂಕಿ ಇತ್ತು: ಸುಮಾರು 5,000 ಸರ್ವರ್ ಹಾಕಿದ್ದೆವು, 20 ಪಟ್ಟು ಹೆಚ್ಚು ಜನಕ್ಕೆ ತಯಾರಾಗಿದ್ದೆವು, ಆದರೂ ಬಂದ ಜನ ಅದಕ್ಕಿಂತ ಬಹಳ ಹೆಚ್ಚು.

5,000 ಸರ್ವರ್ ಕಣ್ರೋ! ಅಷ್ಟಿದ್ದೂ ಸಾಲಲಿಲ್ಲ ಅಂದ್ರೆ ಸರ್ವರ್ ಸಂಖ್ಯೆ ಒಂದೇ ಉತ್ತರ ಅಲ್ಲ. ಒಂದೊಂದು ಕೋರಿಕೆಗೂ ಎಷ್ಟು ಮೆಮೊರಿ, ಎಷ್ಟು ಸಮಯ, ಎಷ್ಟು ಸಲ ಡೇಟಾಬೇಸ್ ಪ್ರಯಾಣ ಅನ್ನೋದನ್ನ ಇಳಿಸದೆ ಸರ್ವರ್ ಸೇರಿಸ್ತಾ ಹೋದ್ರೆ, ದುಂದುಗಾರನ ಸಂಬಳ ಹೆಚ್ಚಿಸಿದ ಹಾಗೆ.

ನನಗೆ ಮುಖ್ಯ ಅನ್ನಿಸಿದ್ದು ಆ ಪತ್ರ. ಅದರಲ್ಲಿ ಹೊಣೆ ಇತ್ತು, ಅಂಕಿ ಇತ್ತು. ತಯಾರಿ ಎಷ್ಟು, ಕೊರತೆ ಎಲ್ಲಿ ಅಂತ ಗ್ರಾಹಕರ ಮುಂದೆ ಇಟ್ಟರು. ಲೆಕ್ಕ ಒಪ್ಪಿಸೋದು ಅಂದ್ರೆ ಅದು. ನಮಗೆ ಕಾಣಿಸೋ "ಸರ್ವರ್ ಬ್ಯುಸಿ" ಫಲಕದಲ್ಲಿ ಯಾವ ಅಂಕಿನೂ ಇರಲ್ಲ, ಯಾರ ಹೆಸರೂ ಇರಲ್ಲ.

ಮುಂದಿನ ವರ್ಷ, 2015ರಲ್ಲಿ, ಆ ಒಂದು ದಿನದ ಮಾರಾಟ ಅಕ್ಟೋಬರ್ 13ರಿಂದ 17ರವರೆಗೆ ಐದು ದಿನ ನಡೀತು. ಒಂದು ದಿನದ ಜನ ಐದು ದಿನಕ್ಕೆ ಹಂಚಿಹೋದ್ರೆ ಒಂದೊಂದು ದಿನದ ಭಾರ ಎಷ್ಟು ಇಳಿಯುತ್ತೆ, ನೀವೇ ಯೋಚಿಸಿ. ಇದು ನಮ್ಮನ್ನ ನೇರ ನಮ್ಮ ಸಬ್ಜೆಕ್ಟ್‌ಗೆ ತರುತ್ತೆ. ಮುಂದಿನ ಕ್ಯಾಪ್ಷನ್ ಜಿಎಸ್‌ಟಿ.

ಭಾಗ 9/10

ಜಿಎಸ್‌ಟಿ ಶುರುವಾಗಿದ್ದು 2017ರ ಜುಲೈ 1. ಇದು ಪರೀಕ್ಷೆಗೆ ಗ್ಯಾರಂಟಿ, ನೆನಪಿಟ್ಕೊಳ್ಳಿ. ತಿಂಗಳ ಸಾರಾಂಶದ ರಿಟರ್ನ್ ಜಿಎಸ್‌ಟಿಆರ್-3ಬಿ. ಅದಕ್ಕೆ ಕೊನೇ ದಿನ ಮುಂದಿನ ತಿಂಗಳ 20, ಇಡೀ ದೇಶಕ್ಕೆ ಒಂದೇ ದಿನ. 20 ಬಂತು ಅಂದ್ರೆ ಪೋರ್ಟಲ್‌ಗೂ ತಲೆನೋವು, ಲೆಕ್ಕಪತ್ರದ ಆಫೀಸುಗಳಿಗೂ ತಲೆನೋವು.

2020ರ ಜನವರಿ 22ರಂದು ಹಣಕಾಸು ಸಚಿವಾಲಯ ಒಂದು ಬದಲಾವಣೆ ಹೇಳಿತು. ವಹಿವಾಟು 5 ಕೋಟಿ ಮತ್ತು ಅದಕ್ಕಿಂತ ಹೆಚ್ಚಿರೋರಿಗೆ 20ನೇ ತಾರೀಖೇ ಇರಲಿ, ಅವರು ಸುಮಾರು 8 ಲಕ್ಷ. 5 ಕೋಟಿಗಿಂತ ಕಡಿಮೆ ಇರೋರಲ್ಲಿ ಕರ್ನಾಟಕ ಸೇರಿ 15 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶದವರಿಗೆ 22, ಅವರು ಸುಮಾರು 49 ಲಕ್ಷ. ಉಳಿದವರಿಗೆ 24, ಅವರು ಸುಮಾರು 46 ಲಕ್ಷ.

ನೋಡಿ, ಇಲ್ಲಿ ಕೋಡ್ ಮುಟ್ಟಿಲ್ಲ. ಕ್ಯಾಲೆಂಡರ್ ಮುಟ್ಟಿದ್ದಾರೆ. ಒಂದು ಕೋಟಿಗೂ ಹೆಚ್ಚು ಜನ ಒಂದೇ ಬಾಗಿಲಿಗೆ ನುಗ್ಗೋ ಬದಲು ಮೂರು ಸರದಿ. ಡೆಬಿಟ್ ಎಲ್ಲಿಗೆ ಹೋಯ್ತು? ತೆರಿಗೆಯ ಒಂದು ಪಾಲು ಎರಡು-ನಾಲ್ಕು ದಿನ ತಡವಾಗಿ ಬರುತ್ತೆ, ಅದನ್ನ ಸರ್ಕಾರ ಹೊತ್ಕೊಂಡಿತು. ಸಣ್ಣ ಅಂಗಡಿಯವರು ಹೊರಲಿಲ್ಲ. ಖರ್ಚು ಮಾಯ ಆಗಲಿಲ್ಲ, ತಡ್ಕೊಳ್ಳೋ ಶಕ್ತಿ ಇರೋರ ಖಾತೆಗೆ ಹೋಯ್ತು. ನನ್ನ ಪ್ರಕಾರ ಒಳ್ಳೇ ವ್ಯವಸ್ಥೆಯ ಗುರುತು ಇದೇ.

ನನ್ನ ಬೆಂಚ್‌ಮೇಟ್ ಫಾರ್ಮ್ ಏನಾಯ್ತು ಅಂತ ಮೂರನೇ ಕ್ಯಾಪ್ಷನ್ ಓದಿದವರು ಡಿಎಂನಲ್ಲಿ ಕೇಳಿದ್ರಿ. ಕೊನೇ ದಿನಾಂಕ ಮುಂದಕ್ಕೆ ಹೋಯ್ತು, ಅರ್ಜಿ ಹೋಯ್ತು. ಎಲ್ಲರೂ "ಸದ್ಯ, ಒಳ್ಳೇದಾಯ್ತು" ಅಂದ್ವಿ. ಅವಳು ಮಾತ್ರ ನೋಟ್‌ಬುಕ್ ಹಿಂದೆ ಬರೆದಿದ್ದ ಲೆಕ್ಕ ತೋರಿಸಿದಳು. ಮೂರು ಸಲ ಬಸ್ ಚಾರ್ಜ್, ಸೈಬರ್‌ನವರಿಗೆ ಕೊಟ್ಟಿದ್ದು, ಅಮ್ಮನ ಎರಡು ದಿನದ ಕೂಲಿ. ಕೊನೇ ದಿನಾಂಕ ವಿಸ್ತರಣೆ ಆದ್ರೆ ಅರ್ಜಿ ಉಳಿಯುತ್ತೆ, ಆ ಲೆಕ್ಕ ವಾಪಸ್ ಬರಲ್ಲ. ಯಾವ ಸರ್ವರ್‌ನ ರಿಪೋರ್ಟ್‌ನಲ್ಲೂ ಆ ಪುಟ ಇರಲ್ಲ.

ಭಾಗ 10/10

ಕೊನೇ ಕ್ಯಾಪ್ಷನ್. ಈಗ ನಾವು ಏನು ಮಾಡಬಹುದು?

ಮೊದಲನೇದು, ಅಳೆಯದೆ ಮಾತಾಡಬಾರದು. ಜಾವಾದವರಿಗೆ ಇದಕ್ಕೆ ಒಳ್ಳೇ ಸಾಧನಗಳಿವೆ. ಫ್ಲೈಟ್ ರೆಕಾರ್ಡರ್ ಅನ್ನೋದು ಪ್ರೋಗ್ರಾಂ ಓಡ್ತಿರುವಾಗಲೇ ಎಲ್ಲಿ ಸಮಯ ಹೋಗ್ತಿದೆ ಅಂತ ಬರೆದಿಡುತ್ತೆ, 2018ರ ಜಾವಾ 11ರಿಂದ ಮುಕ್ತವಾಗಿ ಸಿಗುತ್ತೆ. ಹೀಪ್ ಡಂಪ್ ತೆಗೆದ್ರೆ ಆ ಕ್ಷಣದಲ್ಲಿ ಮೆಮೊರಿ ಒಳಗೆ ಏನೇನಿದೆ ಅಂತ ಕಾಣುತ್ತೆ. ನಮ್ಮ ಸ್ಟಾಕ್ ಟೇಕಿಂಗ್ ಇದ್ದ ಹಾಗೆ, ಗೋಡೌನ್ ಬಾಗಿಲು ತೆಗೆದು ಎಣಿಸೋದು. ಟ್ರಯಲ್ ಬ್ಯಾಲೆನ್ಸ್ ತಾಳೆ ಆಗದಿದ್ದಾಗ ಊಹೆ ಮಾಡಿ ಒಂದು ಅಂಕಿ ಬದಲಾಯಿಸ್ತೀವಾ?

ಎರಡನೇದು, ಕೋಡ್ ಕಲಿಯೋ ಆಸೆ ಇರೋರಿಗೆ. ಮೋಸಿಪ್ ಅಂತ ಗುರುತಿನ ವ್ಯವಸ್ಥೆಯ ಸಾಫ್ಟ್‌ವೇರ್ ಇದೆ. 2018ರಲ್ಲಿ ಬೆಂಗಳೂರಿನ ಐಐಐಟಿಯಲ್ಲಿ ಶುರುವಾಯ್ತು, ಫಿಲಿಪ್ಪೀನ್ಸ್, ಮೊರಾಕೊ ಥರದ ದೇಶಗಳು ತಗೊಂಡಿವೆ. ಬರೆದಿರೋದು ಜಾವಾ ಮತ್ತು ಸ್ಪ್ರಿಂಗ್ ಬೂಟ್‌ನಲ್ಲಿ, ಕೋಡ್ ಎಲ್ಲರಿಗೂ ತೆರೆದಿದೆ. ಕೋಟಿ ಜನಕ್ಕೆ ಕಟ್ಟೋ ವ್ಯವಸ್ಥೆ ಒಳಗಿಂದ ಹೇಗಿರುತ್ತೆ ಅಂತ ಕೂತಲ್ಲೇ ಓದಬಹುದು.

ಮೂರನೇದು, ನಾವು ಕೇಳಬೇಕಾದ್ದು. ಪುಟಪುಟಕ್ಕೂ ಡ್ರಾಫ್ಟ್ ಸೇವ್ ಆಗಲಿ. ಡ್ರಾಫ್ಟ್ ಡೇಟಾಬೇಸಲ್ಲಿ ಇದ್ರೆ ಸೆಷನ್ ಚೀಲವೂ ಚಿಕ್ಕದಾಗುತ್ತೆ, ನಮ್ಮ ಏಳು ಪುಟವೂ ಉಳಿಯುತ್ತೆ. ಬ್ಯಾನರ್ ಫೋಟೊ ತೆಗೀರಿ. "ಬ್ಯುಸಿ" ಅನ್ನೋ ಬದಲು ಸರದಿಯಲ್ಲಿ ಎಷ್ಟನೇ ನಂಬರ್ ಅಂತ ಹೇಳಿ. ಜಿಲ್ಲೆವಾರು ಕೊನೇ ದಿನಾಂಕ ಕೊಡಿ. ಇವು ಯಾವುದಕ್ಕೂ 5,000 ಸರ್ವರ್ ಬೇಡ.

ನಾಲ್ಕನೇದು, ವೋಚರ್ ಇಲ್ಲದೆ ಎಂಟ್ರಿ ಇಲ್ಲ. ಸೈಟ್ ನಿಂತಾಗ ಬೈದು ಫೋನ್ ಬಿಸಾಕಬೇಡಿ. ಸ್ಕ್ರೀನ್‌ಶಾಟ್ ತೆಗೀರಿ, ದಿನಾಂಕ, ಗಂಟೆ, ಎಷ್ಟನೇ ಪುಟ ಅಂತ ಬರೀರಿ. ಜೊತೆಗೆ ಅವತ್ತು ಆದ ಖರ್ಚನ್ನೂ ಬರೀರಿ: ಬಸ್ಸು, ಸೈಬರ್, ತಪ್ಪಿದ ಕೂಲಿ. ಆಧಾರ್, ಫೋನ್ ನಂಬರ್ ಮುಚ್ಚಿ ಕಳಿಸಿ. ನಾನು ಒಂದು ಶೀಟ್ ಮಾಡ್ತಿದ್ದೀನಿ. ಈ ಸಲದ ಫಾರ್ಮ್ ಮುಗಿದ ಮೇಲೆ ಕ್ಲಾಸಿನವರೆಲ್ಲ ಸೇರಿ ಒಟ್ಟು ಹಾಕಿ, ಕಾಲೇಜಿನ ಮೂಲಕ ಅರ್ಜಿಯಾಗಿ ಕೊಡೋಣ. ಡೆಬಿಟ್ ಸೈಡ್ ಇಷ್ಟು ದಿನ ಖಾಲಿ ಕಾಣ್ತಿತ್ತು, ಯಾಕಂದ್ರೆ ನಾವು ಯಾರೂ ಬರೆದಿರಲಿಲ್ಲ.

ಕಾಮೆಂಟಲ್ಲಿ ಮೊದಲ ಎಂಟ್ರಿ ಯಾರದು?

#ಕೊತ್ತಗೆರೆ #ಕುಣಿಗಲ್ #ತುಮಕೂರು #ಬಿಕಾಂ #ಜಾವಾ #ಸರ್ವರ್‌ಬ್ಯುಸಿ